ಅಕ್ಕ ಒಬ್ಬಳೇ ತಿಂದ ಬದನೆಕಾಯಿ

"ನಿಮ್ಮಕ್ಕ ಮಾಡಿದ್ ಕೆಲಸ ಗೊತ್ತಾಯ್ತೇನ್ರೀ ನಿಮಗೆ?"

ಭಾನುವಾರ ಮಧ್ಯಾಹ್ನ. ಕುಕ್ಕರ್ ಇನ್ನೊಂದು ಸಲ ಕೂಗಿದರೆ ಊಟಕ್ಕೆ ಕೂರಬಹುದು ಎನ್ನುವ ಹೊತ್ತಿಗೆ ಬಂದ ಫೋನ್. ಆ ಕಡೆ ಇದ್ದವರು ವಿಮಲಾ, ನನ್ನ ಅಕ್ಕನ ನಾದಿನಿ. ಅಂದರೆ ನಮ್ಮ ಭಾವನ ತಂಗಿ. ನಮ್ಮಿಬ್ಬರ ನಡುವೆ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಒಂದು ಮೆಸೇಜ್ ಓಡಾಡುತ್ತದೆ, ಅಷ್ಟೆ. ಅವರೇ ಫೋನ್ ಮಾಡಿದ್ದಾರೆಂದರೆ?

ಕೈಲಿದ್ದ ಸೌಟು ಕೆಳಗಿಟ್ಟೆ. ಹಿಂದಿನ ವರ್ಷ ಅಕ್ಕನ ಆರೋಗ್ಯ ನಮ್ಮನ್ನೆಲ್ಲ ಚೆನ್ನಾಗಿಯೇ ಹೆದರಿಸಿತ್ತು. ಬಿದ್ದಳೇ? ಆಸ್ಪತ್ರೆಯೇ?

"ಏನಾಯ್ತು ವಿಮಲಾ?"

"ಬದನೆಕಾಯಿ ಕಣ್ರೀ! ಗಿಡದಲ್ಲಿದ್ದಿದ್ದನ್ನೆಲ್ಲ ಕಿತ್ತು, ಒಬ್ರೇ ಕೂತ್ಕೊಂಡು ತಿಂದ್ಬುಟ್ಟಿದಾರೆ! ಅಣ್ಣಂಗೂ ಒಂದು ಇಟ್ಟಿಲ್ಲ!"

ನನಗೆ ಮೊದಲು ನಗು ಬಂತು. ಆಮೇಲೆ ವಿಮಲಾ ಅಳುತ್ತಿದ್ದಾರೆ ಎಂದು ಗೊತ್ತಾಯಿತು. ನಿಜವಾಗಿಯೂ ಅಳುತ್ತಿದ್ದರು. ಅವರ ಮಗನಿಗೆ ಹೆಣ್ಣು ಗೊತ್ತಾಗಿತ್ತು. ಹೊಸ ಬೀಗರು ಆ ಸಂಜೆ ಮೊದಲ ಸಲ ಊಟಕ್ಕೆ ಬರುವವರಿದ್ದರು. "ನಮ್ಮ ಅತ್ತಿಗೆ ಟೆರೇಸಲ್ಲೇ ಬೆಳೀತಾರೆ, ಒಂದು ಹನಿ ಔಷಧ ಹೊಡೆಯಲ್ಲ, ಆ ಬದನೆಕಾಯಲ್ಲೇ ಎಣ್ಣೆಗಾಯಿ ಮಾಡ್ತೀನಿ" ಎಂದು ಇವರು ಬೀಗಿತ್ತಿಗೆ ಮಾತು ಕೊಟ್ಟಿದ್ದರು. ಚೀಲ ಹಿಡಿದು ನಜರ್‌ಬಾದಿನ ಅಣ್ಣನ ಮನೆಗೆ ಬಂದು ನೋಡಿದರೆ ಗಿಡ ಖಾಲಿ. ಅತ್ತಿಗೆ ಕೈ ತೊಳೆದುಕೊಂಡು ಕೂತಿದ್ದರು.

"ನಾನು ಹೋಗಿ ನೋಡ್ತೀನಿ" ಎಂದೆ. ಏನನ್ನು ನೋಡುವುದು? ತಿಂದದ್ದನ್ನು ವಾಪಸ್ ತರಲಾಗುತ್ತದೆಯೇ? ಆದರೂ ಹೊರಟೆ. ಚಾಮರಾಜಪುರಂನಿಂದ ನಜರ್‌ಬಾದಿಗೆ ಆಟೋದಲ್ಲಿ ಎಷ್ಟು ಹೊತ್ತು! ಅಷ್ಟರಲ್ಲಿ ನಿಮಗೆ ನಮ್ಮಕ್ಕನನ್ನು ಪರಿಚಯ ಮಾಡಿಕೊಡುತ್ತೇನೆ.

ಅಕ್ಕನ ಹೆಸರು ಭಾಗ್ಯ. ನನಗಿಂತ ದೊಡ್ಡವಳು. ಇಲವಾಲ ದಾಟಿ ಒಳಗೆ ಹೋದರೆ ಸಿಗುವ ಹಳ್ಳಿಯೊಂದರಲ್ಲಿ ನಾವಿಬ್ಬರೂ ಹುಟ್ಟಿ ಬೆಳೆದದ್ದು. ನಾನು ಓದುವ ನೆಪದಲ್ಲಿ ಮೈಸೂರು ಸೇರಿದೆ, ಅವಳು ಮದುವೆಯಾಗಿ ಸೇರಿದಳು. ಗಂಡ ನಂಜುಂಡಸ್ವಾಮಿ ಸರ್ಕಾರಿ ಕೆಲಸದಲ್ಲಿದ್ದು ಈಗ ನಿವೃತ್ತರು. ಒಬ್ಬಳೇ ಮಗಳು, ಹುಬ್ಬಳ್ಳಿಗೆ ಕೊಟ್ಟಿದೆ. ಭಾವ ಒಳ್ಳೆಯವರು. (ಯಾರ ಬಗ್ಗೆಯಾದರೂ ಕೊಂಕು ತೆಗೆಯುವ ಮುಂಚೆ ನಾನು ಹೀಗೆ ಶುರು ಮಾಡುತ್ತೇನೆ ಎಂಬುದು ಈ ಅಂಕಣ ಓದುವವರಿಗೆ ಗೊತ್ತಿದೆ.)

ಭಾವನ ತಾಯಿ, ಅಂದರೆ ಅಕ್ಕನ ಅತ್ತೆ, ಒಂದು ಬೆಳಗ್ಗೆ ಪೂಜೆಗೆ ಹೂ ಬಿಡಿಸುವಾಗ ಕುಸಿದರು. ಸ್ಟ್ರೋಕ್. ಬಲಗಡೆ ಪೂರ್ತಿ ಹೋಯಿತು, ಮಾತೂ ಹೋಯಿತು. ಇನ್ನೇನು ವಾರವೋ ತಿಂಗಳೋ ಎಂದರು ಡಾಕ್ಟರು. ಆ ಹೆಂಗಸು ಅದಾದ ಮೇಲೂ ವರ್ಷಗಟ್ಟಲೆ ಬದುಕಿದರು. ಬದುಕಿಸಿದ್ದು ಅಕ್ಕ.

ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು ಎಂದರೆ ಏನು ಎಂದು ಮಾಡಿದವರಿಗೆ ವಿವರಿಸುವ ಅಗತ್ಯವಿಲ್ಲ, ಮಾಡದವರಿಗೆ ವಿವರಿಸಿ ಪ್ರಯೋಜನವಿಲ್ಲ. ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸಬೇಕು. ಬಟ್ಟೆ ಬದಲಿಸಬೇಕು. ಅನ್ನವನ್ನು ಮಿಕ್ಸಿಗೆ ಹಾಕಿ ಗಂಜಿ ಮಾಡಿ, ಚಮಚ ಚಮಚವಾಗಿ, ನೆತ್ತಿಗೆ ಹತ್ತದಂತೆ ಕುಡಿಸಬೇಕು. ಮಗಳ ಮದುವೆಯ ದಿನವೂ ಅಕ್ಕ ಮುಹೂರ್ತ ಮುಗಿಸಿಕೊಂಡು ಛತ್ರದಿಂದ ಮನೆಗೆ ಓಡಿ, ಅತ್ತೆಗೆ ಗಂಜಿ ಕುಡಿಸಿ, ಮತ್ತೆ ಛತ್ರಕ್ಕೆ ಬಂದಿದ್ದಳು. ಫೋಟೋಗಳಲ್ಲಿ ನೋಡಿ, ಅರ್ಧದರಲ್ಲಿ ಅವಳಿಲ್ಲ.

ಸಹಾಯಕ್ಕೆ ಯಾರೂ ಬರಲಿಲ್ಲವೇ? ಬಂದರು. ಹಣ್ಣು ತಂದರು, ಮಂಚದ ಪಕ್ಕ ನಿಂತು ಲೊಚಗುಟ್ಟಿದರು, ಅಕ್ಕ ಮಾಡಿಕೊಟ್ಟ ಕಾಫಿ ಕುಡಿದು ಹೋದರು. ಹೋಗುವಾಗ ತಪ್ಪದೆ ಒಂದು ಮಾತು ಹೇಳುತ್ತಿದ್ದರು: "ನಿನ್ನಂಥ ಸೊಸೆ ಸಿಗೋದಕ್ಕೆ ಪುಣ್ಯ ಮಾಡಿರ್ಬೇಕು ಕಣಮ್ಮ." ಪುಣ್ಯ ಯಾರು ಮಾಡಿದ್ದು, ಸಿಕ್ಕಿದ್ದು ಯಾರಿಗೆ?

ಹೋದ ವರ್ಷದ ಬೇಸಿಗೆಯಲ್ಲಿ ಅತ್ತೆ ತೀರಿಕೊಂಡರು. ಕಾರ್ಯ ಎಲ್ಲ ಮುಗಿದ ಮೇಲೆ ಎಲ್ಲರೂ ಅಕ್ಕನಿಗೆ ಒಂದೇ ಸಲಹೆ ಕೊಟ್ಟರು. "ಇನ್ನಾದ್ರೂ ರೆಸ್ಟ್ ತಗೋ." ನಾನೂ ಕೊಟ್ಟೆ.

ರೆಸ್ಟ್ ಅವಳನ್ನು ಮಲಗಿಸಿಬಿಟ್ಟಿತು. ಅದೂ ನಿದ್ದೆಯಿಲ್ಲದೆ. ಬೆಳಕು ಹರಿಯುವ ಮುಂಚೆ ಎದ್ದು ಅತ್ತೆಯ ಖಾಲಿ ಕೋಣೆಗೆ ಹೋಗಿ ನಿಂತುಕೊಳ್ಳುತ್ತಿದ್ದಳಂತೆ. ಊಟ ಕಡಿಮೆಯಾಯಿತು. ಮಾತು ಅದಕ್ಕಿಂತ ಕಡಿಮೆಯಾಯಿತು. ಫೋನ್ ಮಾಡಿದರೆ "ಹ್ಞೂಂ, ಚೆನ್ನಾಗಿದೀನಿ" ಎಂದು ಇಟ್ಟುಬಿಡುವಳು. ಒಂದು ದಿನ ಸ್ಟವ್ ಮೇಲೆ ಹಾಲಿಟ್ಟು, ಅದು ಉಕ್ಕಿ, ಸೀದು, ಪಾತ್ರೆ ಕರ್ರಗಾಗುವವರೆಗೂ ಎದುರಿಗೇ ನಿಂತಿದ್ದಳಂತೆ. ಭಾವ ಹೆದರಿ ನನಗೆ ಫೋನ್ ಮಾಡಿದರು. "ಎಲ್ಲಾ ಟೆಸ್ಟೂ ಮಾಡಿಸ್ದೆ ಕಣಮ್ಮ. ಎಲ್ಲಾ ನಾರ್ಮಲ್ಲು ಅಂತಾರೆ. ನಾರ್ಮಲ್ ಇರೋರು ಹಿಂಗಿರ್ತಾರಾ?"

ನಾನು ಅವಳನ್ನು ಪರಿಚಯದ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಮನಸ್ಸಿನ ಡಾಕ್ಟರ್. ವಯಸ್ಸು ಚಿಕ್ಕದು, ತಾಳ್ಮೆ ದೊಡ್ಡದು. ಬಹಳ ಹೊತ್ತು ಕೇಳಿಸಿಕೊಂಡರು. ಸ್ವಲ್ಪ ದಿನಕ್ಕೆ ಮಾತ್ರೆ ಬರೆದುಕೊಟ್ಟರು. ಕೊನೆಗೆ, "ಅಮ್ಮ, ಇಷ್ಟು ವರ್ಷ ಬೇರೆಯವರಿಗೆ ಮಾಡಿದ್ರಿ. ಈಗ ದಿನಾ ನಿಮಗೋಸ್ಕರ ಏನಾದ್ರೂ ಒಂದು ಮಾಡ್ಕೊಳ್ಳಿ. ಸೆಲ್ಫ್ ಕೇರ್" ಎಂದರು.

ಅಕ್ಕ ತಲೆಯಾಡಿಸಿದಳು. ಆಟೋ ಹತ್ತಿದ ಮೇಲೆ ನನ್ನ ಕಡೆ ತಿರುಗಿ ಕೇಳಿದಳು.

"ನನಗೋಸ್ಕರ ಅಂದ್ರೆ ಏನ್ ಮಾಡ್ಬೇಕು ಕಣೆ?"

ಯಾವ ವ್ಯಂಗ್ಯವೂ ಇರಲಿಲ್ಲ. ಔಷಧಿ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳುವ ಹಾಗೆ ಕೇಳಿದಳು. ವಾರವಾರ ನಿಮಗೆಲ್ಲ ಬುದ್ಧಿ ಹೇಳುವ ನಾನು ಆಟೋದವನಿಗೆ ದಾರಿ ಹೇಳತೊಡಗಿದೆ!

ಯೋಗ ಕ್ಲಾಸಿಗೆ ಸೇರಿಸಿದೆ. ಅಲ್ಲಿ ಮಂಡಿನೋವಿನ ಹೆಂಗಸರನ್ನು ಎಬ್ಬಿಸುವುದು, ಕೂರಿಸುವುದು, ಅವರ ಮ್ಯಾಟ್ ಸುತ್ತಿಡುವುದು ಶುರು ಮಾಡಿದಳು. ಮೇಡಂಗೆ ಬಹಳ ಖುಷಿಯಾಯಿತು, ಫೀಸೇ ಬೇಡ ಎಂದರು. ನಾನೇ ಬಿಡಿಸಿದೆ. ಫೋನಿನಲ್ಲಿ ರೀಲ್ಸ್ ನೋಡುವುದು ಹೇಳಿಕೊಟ್ಟೆ. ಪಾರ್ಶ್ವವಾಯು ಬಂದವರಿಗೆ ಎಣ್ಣೆ ತಿಕ್ಕುವ ವಿಡಿಯೋಗಳನ್ನೇ ನೋಡುತ್ತಾ ಕೂತಳು. ಅದೂ ಬೇಡವಾಯಿತು.

ಗಿಡದ ಯೋಚನೆ ನನ್ನದಲ್ಲ. ತಾನಾಗಿ ಆದದ್ದು. ಊರಲ್ಲಿ ಚಿಕ್ಕಪ್ಪನ ಮನೆಯ ಗೃಹಪ್ರವೇಶಕ್ಕೆ ಹೋಗಿ ಬರುವಾಗ ಇಲವಾಲದ ಹತ್ತಿರ ರಸ್ತೆಬದಿಯ ನರ್ಸರಿಯೊಂದರ ಮುಂದೆ ಅಕ್ಕ "ಸ್ವಲ್ಪ ನಿಲ್ಲಿಸ್ತೀಯಾ?" ಎಂದಳು. ಅವಳು ಬಾಯಿಬಿಟ್ಟು ಏನನ್ನಾದರೂ ಕೇಳಿ ತಿಂಗಳುಗಳಾಗಿದ್ದವು. ನನ್ನ ಕಾರು ಅಷ್ಟು ಜೋರಾಗಿ ಬ್ರೇಕ್ ಹಾಕಿದ್ದು ಅದೇ ಮೊದಲು.

ಬದನೆ, ಟೊಮೇಟೊ, ಮೆಣಸಿನಕಾಯಿ ಸಸಿ. ಬೀನ್ಸ್, ದಂಟು, ಮೆಂತ್ಯದ ಬೀಜ. ಬದನೆ ಮಾತ್ರ ಈರನಗೆರೆಯದೇ ಆಗಬೇಕೆಂದಳು. (ಹೊಲಗಳೆಲ್ಲ ಮನೆಗಳಾದ ಮೇಲೂ ಮೈಸೂರಿನ ಆ ಬಡಾವಣೆಯ ಹೆಸರನ್ನು ಉಳಿಸಿಕೊಂಡು ಬಂದಿರುವುದು ಆ ಹಸಿರು ಬದನೆಕಾಯಿಯೇ.) ಒಂದು ಮೂಟೆ ಕೊಟ್ಟಿಗೆ ಗೊಬ್ಬರವೂ ಬಂತು. ನನ್ನ ಕಾರಿನ ಡಿಕ್ಕಿಯಲ್ಲಿ ಆ ವಾಸನೆ ಇವತ್ತಿಗೂ ಇದೆ, ಬಿಡಿ.

ಟೆರೇಸಿನಲ್ಲಿ ಕುಂಡಗಳಿರಲಿಲ್ಲ. ಒಡೆದ ಬಕೆಟ್, ಪೇಂಟ್ ಡಬ್ಬ, ಹಳೆಯ ಸಿಂಟೆಕ್ಸ್ ಟ್ಯಾಂಕಿನ ಅರ್ಧ, ಸಿಕ್ಕಿದ್ದಕ್ಕೆಲ್ಲ ಮಣ್ಣು ತುಂಬಿದಳು. ಮೊದಲ ವಾರ ನಾನು ದಿನಾ ಹೋಗಿ ನೋಡುತ್ತಿದ್ದೆ. ಆಮೇಲೆ ಅವಳಿಗೆ ನನ್ನ ಕಡೆ ಗಮನವೇ ಇರಲಿಲ್ಲ. ಸೀರೆ ಎತ್ತಿ ಕಟ್ಟಿ, ಮೊಣಕೈವರೆಗೂ ಮಣ್ಣು ಮಾಡಿಕೊಂಡು, ಎಲೆ ತಿರುಗಿಸಿ ಹುಳು ಹುಡುಕುತ್ತಾ ಕೂತಿರುತ್ತಿದ್ದಳು. ಕಡ್ಡಿಗೆ ಬೀನ್ಸ್ ಬಳ್ಳಿ ಹಬ್ಬಿಸುವಾಗ ಊರಿನ ಹಿತ್ತಿಲಲ್ಲಿ ಅವ್ವ ಬಚ್ಚಲ ನೀರು ತಿರುಗಿಸುತ್ತಿದ್ದ ಕಾಲುವೆಯ ಬಗ್ಗೆ ಮಾತಾಡಿದಳು. ತಾನಾಗಿ ಮಾತಾಡಿದಳು!

ನಿದ್ದೆ ಬಂತು. ಹಸಿವೂ ಬಂತು. ಡಾಕ್ಟರ್ ಮಾತ್ರೆ ಕಡಿಮೆ ಮಾಡುತ್ತಾ ಬಂದು ನಿಲ್ಲಿಸಿದರು. ಭಾವನ ಮುಖದಲ್ಲಿ ಕಳೆ ಬಂತು. ನಾನು "ಮಣ್ಣಿನ ಮಹಿಮೆ" ಎಂಬಂಥ ತಲೆಬರಹ ಕೊಟ್ಟು ಒಂದು ಅಂಕಣ ಬರೆಯಲು ಕೂತೂಬಿಟ್ಟಿದ್ದೆ. ಸದ್ಯ, ಬರೆಯಲಿಲ್ಲ.

ಯಾಕೆಂದರೆ ಗಿಡಗಳು ಕಾಯಿ ಬಿಟ್ಟವು. ತಾಪತ್ರಯ ಅಲ್ಲಿಂದ ಶುರುವಾಯಿತು.

ಮೊದಲ ಕೊಯ್ಲಿನ ಫೋಟೋವನ್ನು ಭಾವ ಫ್ಯಾಮಿಲಿ ಗ್ರೂಪಿಗೆ ಹಾಕಿದರು. ಹೆಂಡತಿಯ ಬಗ್ಗೆ ಹೆಮ್ಮೆ, ತಪ್ಪೇನಿದೆ? ಒಂದರ ಹಿಂದೊಂದು ಕೈಮುಗಿಯುವ ಚಿತ್ರ, ಚಪ್ಪಾಳೆಯ ಚಿತ್ರ. ಆಮೇಲೆ, "ನಮಗೂ ಸ್ವಲ್ಪ ಇಡಿ." ಆಮೇಲೆ, "ದಂಟು ಯಾವಾಗ ಆಗುತ್ತೆ?" ಭಾವ ಪಾರ್ಕಿನಲ್ಲಿ ಜೊತೆಗೆ ವಾಕಿಂಗ್ ಮಾಡುವವರಿಗೆಲ್ಲ ಹೇಳಿಕೊಂಡು ಬಂದರು. "ಪೂರ್ತಿ ಆರ್ಗ್ಯಾನಿಕ್ ಸ್ವಾಮಿ. ನಾಳೆ ಬನ್ನಿ, ಕೊಡಿಸ್ತೀನಿ." ಕೊಡಿಸುವವರು ಇವರು. ಕೊಡುವವಳು?

ಪಕ್ಕದ ಮನೆಯವರ ಸೊಸೆ ಬಸುರಿ, ಅವಳಿಗೆ ಸೊಪ್ಪು. ಎದುರುಮನೆಯವರಿಗೆ ಸಕ್ಕರೆ ಕಾಯಿಲೆ, ಅವರಿಗೆ ಮೆಂತ್ಯ. ವಿಮಲಾಗೆ ಎಲ್ಲವೂ. ಯಾರದ್ದೂ ಕೆಟ್ಟ ಬುದ್ಧಿಯಲ್ಲ. ಅಕ್ಕ ಯಾರಿಗೂ ಇಲ್ಲವೆನ್ನಲಿಲ್ಲ. ಯಾರಿಗೆ ಯಾವಾಗ ಏನು ಬೇಕೋ ಅದಕ್ಕೆ ತಕ್ಕಂತೆ ಬಿತ್ತತೊಡಗಿದಳು. ಮಳೆ ಜೋರಾಗಿ ಸೊಪ್ಪು ಕೊಳೆತರೆ, "ಅಯ್ಯೋ, ಆ ಹುಡುಗಿಗೆ ಏನ್ ಕೊಡ್ಲಿ?" ಎಂದು ಚಡಪಡಿಸಿದಳು. ಒಂದು ದಿನ ನಾನು ಹೋದಾಗ ಕಣ್ಣ ಕೆಳಗೆ ಮತ್ತೆ ಕಪ್ಪು.

"ನಿದ್ದೆ ಮಾಡ್ತಿದೀಯಾ?"

"ಎಲ್ಲಿ ಬರುತ್ತೆ? ನಾಳೆ ಯಾರ್ಯಾರಿಗೆ ಕೊಡ್ಬೇಕು ಅನ್ನೋದೇ ತಲೇಲಿ ಸುತ್ತುತ್ತಿರುತ್ತೆ."

ಅಂದು ಅಲ್ಲೇ ಊಟ ಮಾಡಿದೆ. ಹುಳಿಯಲ್ಲಿದ್ದ ಬೀನ್ಸ್ ನಾರುನಾರು. ಬಾಗಿಲ ಬಳಿ ನೋಡಿದರೆ ಎಳೆ ಬೀನ್ಸಿನ ಚೀಲಗಳು ಸಾಲಾಗಿ ಗಂಟು ಹಾಕಿ ಕೂತಿವೆ, ಕೊಂಡೊಯ್ಯುವವರಿಗೆ ಕಾಯುತ್ತಾ.

"ಇದ್ಯಾವ ಬೀನ್ಸೇ?"

"ಗಾಡಿಯವನ ಹತ್ರ ತಗೊಂಡೆ."

"ನಿನ್ನದು?"

"ಅದು ಕೊಡೋಕೆ ಇಟ್ಟಿರೋದಲ್ವಾ?"

ನಾನು ಕೈಲಿದ್ದ ತುತ್ತನ್ನು ತಟ್ಟೆಗಿಟ್ಟೆ. "ಅಕ್ಕಾ, ನೀನು ಬೆಳೆದಿರೋ ಬದನೆಕಾಯಿ ರುಚಿ ಹೆಂಗಿದೆ?"

ಅವಳು ಯೋಚಿಸಿದಳು. ಎಷ್ಟು ಹೊತ್ತು ಯೋಚಿಸಿದಳೆಂದರೆ ಭಾವ ಕೂಡ ಟೀವಿಯಿಂದ ಮುಖ ತಿರುಗಿಸಿದರು.

"ಚೆನ್ನಾಗಿದೆ ಅಂತಾರೆ ಎಲ್ಲಾರೂ" ಎಂದಳು.

ನಾನು ಭಾಷಣ ಮಾಡಲಿಲ್ಲ. ಮಾಡಿದ್ದರೂ ಅವಳು ತಲೆಯಾಡಿಸಿ ನನಗೂ ಒಂದು ಚೀಲ ಕಟ್ಟಿಕೊಡುತ್ತಿದ್ದಳು. (ಆವತ್ತೂ ಕಟ್ಟಿಕೊಟ್ಟಳು. ತಂದೆ. ತಿಂದೆ. ಎಳೆ ಬೀನ್ಸು, ಬಹಳ ಚೆನ್ನಾಗಿತ್ತು.)

ಇದಾದ ಕೆಲವು ದಿನಗಳಿಗೆ ಆ ಭಾನುವಾರ ಬಂತು. ಆಟೋ ಕೂಡ ನಜರ್‌ಬಾದ್ ತಲುಪಿತು, ಒಳಗೆ ಬನ್ನಿ.

ಭಾವ ಸೋಫಾದ ತುದಿಯಲ್ಲಿ, ಯಾರದೋ ಮನೆಗೆ ಬಂದವರ ಹಾಗೆ ಕೂತಿದ್ದರು. ನನ್ನನ್ನು ನೋಡಿದ್ದೇ ತಡ, "ನನಗೂ ಒಂದು ಇಟ್ಟಿಲ್ಲ ಕಣಮ್ಮ" ಎಂದರು. ಸಿಟ್ಟಿರಲಿಲ್ಲ. ಆಶ್ಚರ್ಯ. ಮೂವತ್ತು ವರ್ಷಕ್ಕೂ ಮೀರಿದ ಸಂಸಾರದಲ್ಲಿ ಹೀಗೂ ಆಗಬಹುದು ಎಂದು ಅವರಿಗೆ ಅಂದೇ ಗೊತ್ತಾದ ಹಾಗಿತ್ತು.

"ನಿಮಗೆ ತಿಂಡಿ?"

"ಉಪ್ಪಿಟ್ಟು ಮಾಡಿಟ್ಟಿದ್ಲು."

ಅಕ್ಕ ಮೇಲಿದ್ದಳು. ಟೆರೇಸಿನಲ್ಲಿ, ನೀರಿನ ಟ್ಯಾಂಕಿನ ನೆರಳಲ್ಲಿ, ಗೋಡೆಗೆ ಒರಗಿ ಕಾಲು ನೀಡಿಕೊಂಡು. ಪಕ್ಕದಲ್ಲಿ ತೊಳೆಯದ ತಟ್ಟೆ. ದೂರಕ್ಕೆ ಬೆಟ್ಟ ಎಂದಿನ ಹಾಗೆ ಇತ್ತು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ವಿಮಲಾ ಫೋನ್ ಮಾಡಿದ್ಲಾ?"

"ಹ್ಞೂಂ. ಅಳ್ತಿದ್ರು."

"ಪಾಪ" ಎಂದಳು. ಆ 'ಪಾಪ'ದಲ್ಲಿ ಪಶ್ಚಾತ್ತಾಪ ಇದೆಯೇ ಎಂದು ಹುಡುಕಿದೆ. ಕಾಣಲಿಲ್ಲ.

"ಏನಾಯ್ತು ಹೇಳು."

ಅಕ್ಕ ಹೇಳಿದ್ದನ್ನು ಅವಳ ಮಾತಲ್ಲೇ ಕೊಡುತ್ತೇನೆ.

"ಬೆಳಗ್ಗೆ ವಿಮಲಾಗೆ ಅಂತ್ಲೇ ಕೀಳಕ್ಕೆ ಬಂದೆ ಕಣೆ. ಎಲ್ಲಾ ಕಿತ್ತು ಮಡಿಲಿಗೆ ಹಾಕ್ಕೊಂಡೆ. ಅಷ್ಟರಲ್ಲಿ ನೀನವತ್ತು ಕೇಳಿದ್ದು ಜ್ಞಾಪಕ ಬಂತು. ರುಚಿ ಹೆಂಗಿದೆ ಅಂತ. ಒಂದನ್ನ ಸುಟ್ಟು ತಿಂದು ನೋಡೋಣ, ಮಿಕ್ಕಿದ್ದು ಅವಳಿಗೆ ಕೊಡೋಣ ಅನ್ಕೊಂಡೆ. ಕೆಳಗೆ ಹೋಗಿ ಕಾಯಿಗೆ ಎಣ್ಣೆ ಸವರ್ತಾ ನಿಂತೆ ನೋಡು, ಇದ್ದಕ್ಕಿದ್ದಂಗೆ ಹೊಟ್ಟೆ ಹಸೀತು. ಎಂಥಾ ಹಸಿವು ಅಂತೀಯಾ? ಚಿಕ್ಕೋಳಿದ್ದಾಗ ಗದ್ದೆಯಿಂದ ಬಂದಾಗ ಆಗ್ತಿತ್ತಲ್ಲ, ಅಂಥದ್ದು. ಎಲ್ಲಾನೂ ಎಣ್ಣೆಗಾಯಿ ಮಾಡ್ಬುಟ್ಟೆ. ಹುರಿದ ಕಡಲೆಕಾಯಿಬೀಜ, ಎಳ್ಳು, ಕೊಬ್ಬರಿ, ಯಾವ್ದೂ ಕಮ್ಮಿ ಮಾಡ್ಲಿಲ್ಲ. ಅಕ್ಕಿರೊಟ್ಟಿ ತಟ್ಟಿಕೊಂಡೆ. ಅವರಿಗೆ ಉಪ್ಪಿಟ್ಟು ಇತ್ತು. ಮೇಲಕ್ಕೆ ತಂದು ಬಾಗಿಲು ಹಾಕ್ಕೊಂಡು ತಿಂದೆ."

"ಎಲ್ಲಾ?"

"ಎಲ್ಲಾ. ವಿಮಲಾ ಬಂದು ಕೇಳಿದಾಗ ತಿಂದ್ಬುಟ್ಟೆ ಅಂದೆ. ಸುಳ್ಳು ಹೇಳ್ಬಹುದಿತ್ತು, ಹುಳ ಬಿದ್ದಿತ್ತು ಅಂತ. ಯಾಕೋ ಹೇಳ್ಬೇಕು ಅನ್ನಿಸ್ಲಿಲ್ಲ."

ಆಮೇಲೆ, "ನನಗೆ ಹುಳಿ ಸ್ವಲ್ಪ ಮುಂದಾಗಿದ್ರೆ ಇಷ್ಟ ಕಣೆ" ಎಂದಳು. ದೊಡ್ಡ ಸುದ್ದಿ ಹೇಳುವ ಹಾಗೆ. "ಅವರಿಗೆ ಹುಳಿ ಆಗಲ್ಲ, ಎದೆ ಉರಿ. ಅತ್ತೆಗೆ ಉಪ್ಪು, ಹುಳಿ, ಖಾರ ಒಂದೂ ಇಲ್ಲ. ಮಗಳಿಗೆ ಸಿಹಿ ಇರ್ಬೇಕು. ಇವತ್ತು ಯಾರಿಗೋಸ್ಕರ ಹಾಕ್ತಿದೀನಿ ಅಂತ ಕೈ ತಡೀತು. ಆಮೇಲೆ ಹುಣಸೆಹಣ್ಣು ಇನ್ನೊಂದು ಸಲ ಕಿವುಚಿ ಹಾಕ್ದೆ."

"ಅತ್ತೆ ಇದ್ದಾಗ ನಾನು ಏನ್ ತಿಂತಿದ್ದೆ ಗೊತ್ತಾ?" ಎಂದು ಕೇಳಿದಳು.

ಇಷ್ಟು ವರ್ಷ ಅವಳ ಮನೆಗೆ ಹೋಗಿ ಬಂದಿದ್ದೇನೆ. ನನಗೆ ಗೊತ್ತಿರಲಿಲ್ಲ.

"ಅವರು ಬಿಟ್ಟಿದ್ದನ್ನ. ಬಟ್ಟಲಲ್ಲಿ ಅರ್ಧ ಹಂಗೇ ಉಳಿಯೋದು. ಚೆಲ್ಲಕ್ಕೆ ಮನಸ್ಸು ಬರ್ತಿರ್ಲಿಲ್ಲ. ನಿಂತ್ಕೊಂಡು ಅದನ್ನೇ ಕುಡಿದುಬಿಡ್ತಿದ್ದೆ. ಹೊಟ್ಟೆ ತುಂಬಿದಂಗಾಗೋದು. ಆಮೇಲೆ ಪಾತ್ರೆ ತೊಳೆಯೋದು, ಬಟ್ಟೆ ಒಗೆಯೋದು. ಉಪ್ಪಿಲ್ಲದ್ದು ಅಂತಾನೂ ಗೊತ್ತಾಗ್ತಿರ್ಲಿಲ್ಲ. ನಾಲಿಗೆ ಇತ್ತು ಅನ್ನೋದೇ ಮರೆತುಹೋಗಿತ್ತು."

ಅಳಲಿಲ್ಲ ಅವಳು. ಬೇರೆ ಯಾರದೋ ವಿಷಯ ಹೇಳಿದಂತೆ ಹೇಳಿದಳು. ನಾನೂ ಅಳಲಿಲ್ಲ. ಅಳುವುದು ಸುಲಭವಾಗಿತ್ತು, ಆದರೆ ಅಕ್ಕನ ಮುಖದಲ್ಲಿ ಹೊಟ್ಟೆ ತುಂಬಿದವರ ಕಳೆ ಇತ್ತು. ಅದನ್ನು ಕೆಡಿಸಲು ನಾನ್ಯಾರು?

ಅವಳು ಎದ್ದು ಮೆಣಸಿನ ಗಿಡಕ್ಕೆ ಎರಡು ಚೊಂಬು ನೀರು ಹಾಕಿ ಬಂದಳು. "ವಿಮಲಾ ಬೀಗರಿಗೆ ಏನ್ ಮಾಡ್ತಾಳೋ" ಎಂದಳು.

"ಮಾಡ್ಕೋತಾರೆ ಬುಡು. ಮೈಸೂರಲ್ಲಿ ತರಕಾರಿಗೇನು ಬರವಾ?" ಎಂದೆ.

(ಬೀಗರ ಊಟಕ್ಕೆ ಆವತ್ತು ಹೀರೇಕಾಯಿ ಪಲ್ಯ ಆಯಿತಂತೆ. ಬೀಗಿತ್ತಿ ಎರಡು ಸಲ ಹಾಕಿಸಿಕೊಂಡರಂತೆ. ಸಂಬಂಧಕ್ಕೆ ಯಾವ ಧಕ್ಕೆಯೂ ಆಗಲಿಲ್ಲ.)

ಆದರೆ ಸುದ್ದಿ ಮನೆತನದಲ್ಲೆಲ್ಲ ಓಡಾಡಿತು. ಫ್ಯಾಮಿಲಿ ಗ್ರೂಪಿನಲ್ಲಿ ಯಾರೂ ನೇರವಾಗಿ ಬರೆಯಲಿಲ್ಲ. ಹಂಚಿ ತಿನ್ನುವುದರ ಹಿರಿಮೆಯ ಬಗ್ಗೆ ಮಾತ್ರ ಇದ್ದಕ್ಕಿದ್ದಂತೆ ಬೆಳಗಿನ ಸಂದೇಶಗಳು ಹೆಚ್ಚಾದವು. "ಅತ್ತೆ ಹೋದ್ಮೇಲೆ ಭಾಗ್ಯ ಯಾಕೋ ಬದಲಾದ್ಲು" ಎಂದು ಹಿರಿಯರೊಬ್ಬರು ಭಾವನಿಗೆ ಹೇಳಿದರಂತೆ. ಇನ್ನೊಬ್ಬರು ಡಾಕ್ಟರಿಗೆ ಮತ್ತೆ ತೋರಿಸಿ ಎಂದರಂತೆ. ನೋಡಿ, ಗಂಜಿ ಉಳಿದದ್ದನ್ನು ಕುಡಿಯುತ್ತಿದ್ದಾಗ ಅವಳು ನಾರ್ಮಲ್. ಎಣ್ಣೆಗಾಯಿ ತಿಂದ ಕೂಡಲೇ ಡಾಕ್ಟರು!

ಸೆಲ್ಫ್ ಕೇರ್ ಎನ್ನುವುದಕ್ಕೆ ಕನ್ನಡದಲ್ಲಿ ಏನನ್ನಬೇಕು ಎಂದು ನಾನು ಬಹಳ ಯೋಚಿಸಿದೆ. ಸ್ವಯಂ ಆರೈಕೆ, ಸ್ವಕಾಳಜಿ ಎಂದೆಲ್ಲ ಬರೆಯುತ್ತಾರೆ. ಬಳಕೆಯಲ್ಲಿ ಇರುವ ಪದ ಬೇರೆ. ಹೆಂಗಸೊಬ್ಬಳು ತನಗೆ ಅಂತ ಏನನ್ನಾದರೂ ಮಾಡಿಕೊಂಡರೆ ನಾವು ಅದನ್ನು ಕರೆಯುವುದು ಸ್ವಾರ್ಥ ಎಂದು. ಜಾಹೀರಾತುಗಳಲ್ಲಿ ಬರುವ ಸೆಲ್ಫ್ ಕೇರ್ ಚೆಂದ: ಸುಗಂಧದ ಮೇಣದಬತ್ತಿ, ಮುಖಕ್ಕೆ ಲೇಪ, ಕಣ್ಣ ಮೇಲೆ ಸೌತೆಕಾಯಿ. ಅದರಿಂದ ಯಾರಿಗೂ ನಷ್ಟವಿಲ್ಲ, ಹಾಗಾಗಿ ಯಾರಿಗೂ ಸಿಟ್ಟಿಲ್ಲ. ಅಕ್ಕ ಕಣ್ಣ ಮೇಲೆ ಸೌತೆಕಾಯಿ ಇಟ್ಟುಕೊಂಡು ಮಲಗಿದ್ದಿದ್ದರೆ ಎಲ್ಲರೂ ಮೆಚ್ಚುತ್ತಿದ್ದರು. ಅವಳು ತನ್ನ ಹೊಟ್ಟೆಗೆ ಬದನೆಕಾಯಿ ಹಾಕಿಕೊಂಡಳು.

ಗಿಡ ಬೆಳೆಸಿದ್ದರಿಂದ ಅಕ್ಕ ಸುಧಾರಿಸಿದಳು ಎಂದು ನಾನು ಮೊದಲು ತಿಳಿದಿದ್ದೆ. ಅದು ಅರ್ಧ ಸರಿ. ಬೆಳೆಸುವುದು ಅವಳಿಗೆ ಹೊಸದಲ್ಲ. ಮಗಳನ್ನು ಬೆಳೆಸಿದಳು, ಸಂಸಾರ ಬೆಳೆಸಿದಳು, ಕಾಯಿಲೆಯವರನ್ನು ಉಳಿಸಿದಳು. ಗಿಡಕ್ಕೆ ನೀರು ಹಾಕುವುದು ಕೂಡ ಇನ್ನೊಬ್ಬರ ಆರೈಕೆಯೇ, ಮೌನವಾಗಿರುತ್ತದೆ ಎಂಬುದೊಂದೇ ವ್ಯತ್ಯಾಸ. ಕಿತ್ತು ತನ್ನ ತಟ್ಟೆಗೆ ಹಾಕಿಕೊಂಡದ್ದಿದೆಯಲ್ಲ, ಅದು ಹೊಸದು.

ಮುಂದೇನಾಯಿತು?

ಭಾವ ಬಹಳ ದಿನ ಪೆಚ್ಚಾಗಿಯೇ ಇದ್ದರು. ಆಮೇಲೆ ಒಂದು ಸಂಜೆ ಪಾರ್ಕಿನಿಂದ ಗೆಳೆಯರೊಬ್ಬರನ್ನು ಕರೆತಂದು, ಹಳೆಯ ಅಭ್ಯಾಸದಲ್ಲಿ, "ಭಾಗ್ಯ, ಇವರಿಗೆ ಸ್ವಲ್ಪ ಟೊಮೇಟೊ..." ಎಂದರಂತೆ. ಅಕ್ಕ, "ಇವತ್ತು ನನಗೇ ಬೇಕು" ಎಂದಳಂತೆ. ಜೋರಾಗಿ ಅಲ್ಲ, ನಗುತ್ತಲೇ. ಗೆಳೆಯರು ಕಾಫಿ ಕುಡಿದು ಹೋದರು. ಆಕಾಶ ಬೀಳಲಿಲ್ಲ. ಅಂದಿನಿಂದ ಭಾವ ಯಾರಿಗೂ ಮಾತು ಕೊಡುತ್ತಿಲ್ಲ. ಒಂದು ಕರಿಬೇವಿನ ಎಸಳು ಬೇಕಾದರೂ ಮೆಟ್ಟಿಲ ಕೆಳಗೆ ನಿಂತು, "ಕಿತ್ಕೊಳ್ಲಾ?" ಎಂದು ಕೇಳುತ್ತಾರೆ. ಅದು ಅತಿಯಾಯಿತು ಎಂದು ಅಕ್ಕನಿಗೇ ಅನ್ನಿಸಿದೆ.

ಪಕ್ಕದ ಮನೆಯ ಬಸುರಿಗೆ ಸೊಪ್ಪು ಹೋಗುತ್ತಲೇ ಇದೆ. ಅಕ್ಕ ಕೊಡುವುದನ್ನು ನಿಲ್ಲಿಸಿಲ್ಲ. ಮೊದಲು ತನಗೆ ಬೇಕಾದದ್ದನ್ನು ತೆಗೆದಿಟ್ಟುಕೊಂಡು ಆಮೇಲೆ ಕೊಡುತ್ತಾಳೆ. ಗಾಡಿಯವನ ಹತ್ತಿರ ಈರುಳ್ಳಿ, ಆಲೂಗಡ್ಡೆ ಮಾತ್ರ. ಉಳಿದದ್ದು ಅವಳದ್ದೇ. ಮನೆಯಲ್ಲಿ ಈಗ ವಾರಕ್ಕೊಂದೆರಡು ಸಲ ಎರಡು ಥರದ ಸಾರಾಗುತ್ತದೆ, ಹುಳಿ ಕಡಿಮೆ ಇರುವುದು ಒಂದು, ಮುಂದಾಗಿರುವುದು ಒಂದು.

ವಿಮಲಾ ಮಾತ್ರ ಮಾತು ಬಿಟ್ಟರು. ಮಗನ ಲಗ್ನಪತ್ರಿಕೆ ಕೊಡಲು ಕೂಡ ಗಂಡನನ್ನು ಕಳಿಸಿದರು. ಆದರೆ ಮದುವೆ ಮನೆಯಲ್ಲಿ ಎಷ್ಟು ಹೊತ್ತು ಮುಖ ತಿರುಗಿಸಿಕೊಂಡಿರಲಾಗುತ್ತದೆ? ಧಾರೆ ಮುಗಿದ ಮೇಲೆ ಊಟದ ಹಾಲ್‌ನಲ್ಲಿ ನಾನು, ಅಕ್ಕ ಕೂತಿದ್ದೆವು. ವಿಮಲಾ ಪಂಕ್ತಿಯ ಉದ್ದಕ್ಕೂ ಓಡಾಡುತ್ತಾ, ಬೀಗರಿಗೆ ಹೋಳಿಗೆ ಬಂತೇ, ಹಿರಿಯರಿಗೆ ಬಿಸಿನೀರು ಬಂತೇ ಎಂದು ವಿಚಾರಿಸುತ್ತಿದ್ದರು. ಮುಖ ಬಾಡಿತ್ತು. ಅಕ್ಕ ಅವರ ಸೆರಗು ಹಿಡಿದು ನಿಲ್ಲಿಸಿದಳು.

"ನೀನು ಬೆಳಗಿಂದ ಏನಾದ್ರೂ ತಿಂದ್ಯಾ ವಿಮಲಾ?"

"ಎಲ್ಲಾರದ್ದೂ ಆಗ್ಲಿ ಅತ್ತಿಗೆ, ಕೊನೇಲಿ..."

"ಕೂತ್ಕೋ."

"ಅಯ್ಯೋ, ಬೀಗರು ಏನಂದ್ಕೋತಾರೆ?"

"ಕೂತ್ಕೋ ಅಂದೆ."

ಪಕ್ಕದ ಎಲೆಯ ಮುಂದೆ ಕೂರಿಸಿದಳು. ಬಡಿಸುವವರನ್ನು ಕರೆದಳು. ವಿಮಲಾ ಮೊದಲ ತುತ್ತು ಬಾಯಿಗಿಟ್ಟು, ತಲೆ ತಗ್ಗಿಸಿಕೊಂಡು, ಬಹಳ ಹೊತ್ತು ಮೇಲೆತ್ತಲಿಲ್ಲ. ಉಂಡು ಏಳುವವರೆಗೂ ಇಬ್ಬರೂ ಮಾತಾಡಲಿಲ್ಲ. ಮಾತು ಬಿಟ್ಟವರು ಮತ್ತೆ ಮಾತಾಡಿಕೊಳ್ಳುವುದು ಹೀಗೂ ಇರಬಹುದು.

ಈಗ ವಿಮಲಾ ಮನೆಯ ಬಾಲ್ಕನಿಯಲ್ಲೂ ಕುಂಡಗಳಿವೆ. ಸಸಿ ಅಕ್ಕ ಕೊಟ್ಟದ್ದು. ಕಾಯಿ ಬಂದಾಗ ಏನು ಮಾಡಬೇಕೆಂಬುದು ಅವರಿಗೆ ಬಿಟ್ಟದ್ದು.

ಇದನ್ನೆಲ್ಲ ಬರೆಯಲೇ ಎಂದು ಅಕ್ಕನನ್ನು ಕೇಳಿದೆ. ಬೀನ್ಸ್ ಬಳ್ಳಿಯ ಹಿಂದಿನಿಂದ ಉತ್ತರ ಬಂತು. "ಬರ್ಕೋ ಹೋಗು. ವಿಳಾಸ ಮಾತ್ರ ಹಾಕ್ಬೇಡ. ನಾಳೆಯಿಂದ ಜನ ಚೀಲ ಹಿಡ್ಕೊಂಡು ಬಂದ್ಬುಡ್ತಾರೆ."

ಹಾಕಿಲ್ಲ. ನಿಮ್ಮನ್ನು ಒಂದೇ ಒಂದು ಕೇಳಿ ಮುಗಿಸುತ್ತೇನೆ: ನಿಮ್ಮ ಮನೆಯಲ್ಲಿ ಎಲ್ಲರದ್ದೂ ಆದ ಮೇಲೆ ಊಟಕ್ಕೆ ಕೂರುವವರಿಗೆ ಯಾವ ಪಲ್ಯ ಇಷ್ಟ, ನಿಮಗೆ ಗೊತ್ತಾ?